‘ಬಿಗಿ’ ಎಂಬ ಒಂದು ಮಾತು, ಮೂರು ಅಳತೆ: ಒಂದು ಮಿಯಾಟಾ ಕಾರಿನ ಕಾಯಿಲ್‌ಓವರ್ ಕುರಿತ ಟಿಪ್ಪಣಿ

ಪ್ರಶ್ನೆ ಹುಟ್ಟಿದ್ದು ಒಂದು ಸ್ಪ್ಯಾನರಿನ ತುದಿಯಲ್ಲಿ. ಡೆಟ್ರಾಯಿಟ್ ಪಕ್ಕದ ಉಪನಗರವೊಂದರಲ್ಲಿ, ಅಕ್ಕನ ಮಗನ ಮನೆಯ ಗ್ಯಾರೇಜಿನಲ್ಲಿ, 1992ರ ಮಾಜ್ದಾ ಎಂಎಕ್ಸ್-5 ಮಿಯಾಟಾ ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಕಾರ್ಖಾನೆಯ ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ, ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರುಗಳನ್ನು ಕೂರಿಸುವ ಕೆಲಸ ನಡೆದಿತ್ತು. ಹುಡುಗ ಸಿ-ಸ್ಪ್ಯಾನರನ್ನು ಸ್ಪ್ರಿಂಗ್ ಕೆಳಗಿನ ಕಾಲರಿನ ಕಚ್ಚಿಗೆ ಸಿಕ್ಕಿಸಿ ಕೇಳಿದ: “ಮಾವ, ಇನ್ನೆರಡು ಸುತ್ತು ಬಿಗಿ ಮಾಡಿದ್ರೆ ಕಾರು ಇನ್ನೂ ಸ್ಟಿಫ್ ಆಗುತ್ತೆ, ಅಲ್ವಾ?”

“ಆಗಲ್ಲ ಕಣೋ,” ಅಂದೆ.

ಅವನು ನಂಬಲಿಲ್ಲ. ನಂಬದಿದ್ದುದರಲ್ಲಿ ಅವನ ತಪ್ಪೂ ಇಲ್ಲ. ಮೂವತ್ತು ವರ್ಷ ಇಂಜಿನಿಯರಿಂಗ್ ಹುಡುಗರಿಗೆ ಕಂಪನಶಾಸ್ತ್ರದ ಪಾಠ ಹೇಳಿದ ನಾನೂ ಈ ತಪ್ಪು ತಿಳಿವಳಿಕೆ ಎಷ್ಟು ಆಳದಲ್ಲಿದೆ ಎಂದು ಯೋಚಿಸಿದ್ದು ಆ ಹೊತ್ತಿನಲ್ಲೇ. ನಮ್ಮ ಗ್ಯಾರೇಜುಗಳಲ್ಲಿ ‘ಬಿಗಿ’ ಅಥವಾ ‘ಟೈಟ್’ ಎಂಬ ಒಂದೇ ಮಾತು ಮೂರು ಬೇರೆ ಬೇರೆ ಸಂಗತಿಗಳನ್ನು ಹೊರುತ್ತದೆ. ಸ್ಪ್ರಿಂಗ್ ಒಂದು ಮಿಲಿಮೀಟರ್ ಅದುಮಲು ಎಷ್ಟು ಬಲ ಬೇಕು ಎಂಬುದು ಒಂದು. ಕಾರು ನೆಲ ಮುಟ್ಟುವ ಮೊದಲೇ ಸ್ಪ್ರಿಂಗನ್ನು ಎಷ್ಟು ಅದುಮಿಟ್ಟಿದ್ದೇವೆ ಎಂಬುದು ಇನ್ನೊಂದು. ಶಾಕಿನೊಳಗಿನ ಎಣ್ಣೆ ಚಲನೆಯನ್ನು ಎಷ್ಟು ತಡೆಯುತ್ತದೆ ಎಂಬುದು ಮತ್ತೊಂದು. ಪಠ್ಯಪುಸ್ತಕಗಳಲ್ಲಿ ಸ್ಪ್ರಿಂಗ್ ಸ್ಥಿರಾಂಕ, ಅವಮಂದನ ಎಂಬ ಪದಗಳಿವೆ. ಅವು ಎಣ್ಣೆ ಮೆತ್ತಿದ ಕೈಗಳವರೆಗೆ ಇಳಿದು ಬಂದಿಲ್ಲ. ಈ ಟಿಪ್ಪಣಿಯಲ್ಲಿ ಮೊದಲನೆಯದನ್ನು ಬಿರುಸು ಎಂದೂ, ಎರಡನೆಯದನ್ನು ಮೊದಲೊತ್ತು ಎಂದೂ, ಮೂರನೆಯದನ್ನು ತಡೆ ಎಂದೂ ಕರೆಯುತ್ತೇನೆ. ಈ ಮೂರನ್ನೂ ಬೇರೆ ಬೇರೆ ಇಟ್ಟುಕೊಂಡರೆ ಕಾಯಿಲ್‌ಓವರಿನ ಅರ್ಧ ಗೊಂದಲ ತಾನಾಗಿ ಕರಗುತ್ತದೆ ಎಂಬುದು ನನ್ನ ವಾದ. ವಾದಕ್ಕೆ ಆಧಾರ ಆ ಒಂದು ಕಾರಿನ ಮೇಲೆ ಬೇಸಿಗೆಯಿಂದ ನವೆಂಬರ್‌ವರೆಗೆ ತೆಗೆದ ಅಳತೆಗಳು.

ಕಾರಿನ ಬಗ್ಗೆ ಎರಡು ಮಾತು. ಮಿಯಾಟಾ ಮೊದಲು ಜನರ ಕಣ್ಣಿಗೆ ಬಿದ್ದದ್ದು 1989ರ ಫೆಬ್ರವರಿಯಲ್ಲಿ, ಷಿಕಾಗೊ ಆಟೋ ಶೋದಲ್ಲಿ. ಹಿರೋಷಿಮಾದಲ್ಲಿ ತಯಾರಾಗುತ್ತದೆ, 2016ರಲ್ಲಿ ಹತ್ತು ಲಕ್ಷದ ಕಾರು ಹೊರಬಂತು. ಮೊದಲ ತಲೆಮಾರಿನ ಯೋಜನೆಯ ಮುಖ್ಯಸ್ಥ ತೊಶಿಹಿಕೊ ಹಿರಾಯ್. ಕುದುರೆಯೂ ಸವಾರನೂ ಒಂದೇ ಆಗಬೇಕು ಎಂಬ ಜಪಾನಿ ನುಡಿಗಟ್ಟನ್ನು ಅವರ ತಂಡ ಗುರಿಯಾಗಿ ಇಟ್ಟುಕೊಂಡಿತ್ತು. ನಮಗೆ ಇಲ್ಲಿ ಮುಖ್ಯವಾದದ್ದು ಅದರ ನಾಲ್ಕೂ ಚಕ್ರಗಳಿಗೆ ಮೇಲೊಂದು, ಕೆಳಗೊಂದು ಆರ್ಮ್ ಇರುವ ಡಬಲ್ ವಿಶ್‌ಬೋನ್ ಜೋಡಣೆ ಇದೆ ಎಂಬುದು. ಸ್ಪ್ರಿಂಗೂ ಶಾಕೂ ಒಂದರೊಳಗೊಂದು ಕೂತು, ಕೆಳ ಆರ್ಮಿನ ನಡುವಿಗೂ ಬಾಡಿಗೂ ನಡುವೆ ನಿಂತಿರುತ್ತವೆ. ಅಂದರೆ ಕಾರ್ಖಾನೆಯಿಂದ ಬಂದದ್ದೂ ಒಂದು ಬಗೆಯ ಕಾಯಿಲ್‌ಓವರೇ, ಹೊಂದಿಸಲು ಬಾರದು ಅಷ್ಟೆ. ಇದನ್ನು ಮ್ಯಾಕ್‌ಫರ್ಸನ್ ಸ್ಟ್ರಟ್ ಜೊತೆ ಕಲಸಿಕೊಳ್ಳಬಾರದು. ಎರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ಜನರಲ್ ಮೋಟಾರ್ಸ್‌ನಲ್ಲಿದ್ದಾಗ ರೂಪಿಸಿ, ಮುಂದೆ ಫೋರ್ಡ್ ಕಾರುಗಳಲ್ಲಿ ಊರ್ಜಿತಗೊಳಿಸಿದ ಆ ಜೋಡಣೆಯಲ್ಲಿ ಶಾಕೇ ಚಕ್ರವನ್ನು ನೆಟ್ಟಗೆ ಹಿಡಿದಿರುವ ಕಂಬ. ನಮ್ಮ ದೇಶದ ಬಹುಪಾಲು ಚಿಕ್ಕ ಕಾರುಗಳ ಮುಂಭಾಗದಲ್ಲಿರುವುದು ಅದೇ. ಮಿಯಾಟಾದಲ್ಲಿ ಶಾಕಿಗೆ ಆ ಹೊಣೆ ಇಲ್ಲ, ಚಲನೆಯನ್ನು ತಡೆದರೆ ಸಾಕು.

ಈಗ ಹುಡುಗನ ಪ್ರಶ್ನೆಗೆ ಬರೋಣ.

ಸುರುಳಿ ಸ್ಪ್ರಿಂಗಿನ ಬಿರುಸನ್ನು ನಿರ್ಧರಿಸುವುದು ನಾಲ್ಕೇ ಸಂಗತಿ: ತಂತಿಯ ದಪ್ಪ, ಸುರುಳಿಯ ಅಗಲ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ, ಉಕ್ಕಿನ ಗುಣ. ನಮ್ಮ ಮುಂದಿನ ಸ್ಪ್ರಿಂಗಿನ ಮೇಲೆ 7 ಎಂದು ಅಚ್ಚೊತ್ತಿತ್ತು. ಒಂದು ಮಿಲಿಮೀಟರಿಗೆ 7 ಕಿಲೋಗ್ರಾಂ ಬಲ, ಅಂದರೆ 68.6 ನ್ಯೂಟನ್. ವರ್ನಿಯರ್ ಹಿಡಿದು ನೋಡಿದರೆ ತಂತಿ 11 ಮಿಮೀ, ಸುರುಳಿಯ ಸರಾಸರಿ ವ್ಯಾಸ 73 ಮಿಮೀ. ಸೂತ್ರಕ್ಕೆ ಹಾಕಿದರೆ ಸುಮಾರು ಐದೂವರೆ ಸುತ್ತು ಬರಬೇಕು. ಎಣಿಸಿದಾಗ ಬಂದದ್ದೂ ಅಷ್ಟೇ. ತಂತಿಯ ದಪ್ಪ ನಾಲ್ಕನೆಯ ಘಾತದಲ್ಲಿ ಕೆಲಸ ಮಾಡುತ್ತದೆ. ಹನ್ನೊಂದರ ಬದಲು ಹನ್ನೆರಡು ಮಿಮೀ ತಂತಿ ಹಾಕಿ ಉಳಿದದ್ದನ್ನು ಹಾಗೇ ಇಟ್ಟರೆ ಬಿರುಸು ನೂರಕ್ಕೆ ನಲವತ್ತರಷ್ಟು ಏರಿಬಿಡುತ್ತದೆ. ಕಾಲರ್ ತಿರುಗಿಸಿದರೆ ಈ ನಾಲ್ಕರಲ್ಲಿ ಯಾವುದು ಬದಲಾಯಿತು? ಯಾವುದೂ ಇಲ್ಲ.

ಹಾಗಾದರೆ ಕಾಲರ್ ಏನು ಮಾಡಿತು? ಚಾಲಕ ಕೂತಾಗ ಈ ಕಾರಿನ ತೂಕ 1040 ಕಿಲೋ. ಒಂದು ಮೂಲೆಗೆ 260. ಅದರಲ್ಲಿ ಚಕ್ರ, ಬ್ರೇಕು, ಹಬ್ ಮುಂತಾಗಿ ಸ್ಪ್ರಿಂಗಿನ ಕೆಳಗಿರುವ ಭಾಗ ಸುಮಾರು 30 ಕಿಲೋ ಕಳೆದರೆ, ಸ್ಪ್ರಿಂಗ್ ಹೊರುವುದು 230. ಆದರೆ ಸ್ಪ್ರಿಂಗ್ ಚಕ್ರದ ನೇರಕ್ಕಿಲ್ಲ, ಆರ್ಮಿನ ನಡುವಲ್ಲಿದೆ. ಇದನ್ನು ಊಹೆಗೆ ಬಿಡದೆ ಅಳೆದೆವು: ಸ್ಪ್ರಿಂಗ್ ತೆಗೆದು ಬರಿಯ ಶಾಕ್ ಕೂರಿಸಿ, ಹಬ್ ಕೆಳಗೆ ಜಾಕ್ ಕೊಟ್ಟು, ಚಕ್ರದ ಜಾಗವನ್ನು 50 ಮಿಮೀ ಎತ್ತಿದರೆ ಮುಂದಿನ ಶಾಕಿನ ದಂಡ 35 ಮಿಮೀ ಮಾತ್ರ ಒಳಹೋಯಿತು. ಅನುಪಾತ 0.7. ಹಿಂದೆ ಅದೇ ಎತ್ತಿಗೆ 38.5 ಮಿಮೀ, ಅಂದರೆ 0.77. ಸನ್ನೆಕೋಲಿನ ಲೆಕ್ಕದಲ್ಲಿ ಮುಂದಿನ ಸ್ಪ್ರಿಂಗಿನ ಮೇಲೆ ಬೀಳುವ ಬಲ 230 ಕಿಲೋ ಅಲ್ಲ, ಸುಮಾರು 329 ಕಿಲೋ. ಅದನ್ನು ಏಳರಿಂದ ಭಾಗಿಸಿ: ಕಾರು ನೆಲದ ಮೇಲೆ ನಿಂತಾಗ ಸ್ಪ್ರಿಂಗ್ 47 ಮಿಮೀ ಅದುಮಿಕೊಂಡಿರುತ್ತದೆ.

ಈ 47 ಎಂಬ ಅಂಕಿಯನ್ನು ಅದುಮಿದವರು ನಾವಲ್ಲ, ಕಾರಿನ ತೂಕ. ಕಾಲರನ್ನು ಮೊದಲೇ 5 ಮಿಮೀ ಮೇಲಕ್ಕೆ ತಿರುಗಿಸಿ ಇಟ್ಟರೂ ತೂಕ ಬದಲಾಗದು, ಸ್ಪ್ರಿಂಗ್ ಒಟ್ಟು ಅದುಮಿಕೊಳ್ಳುವುದು ಮತ್ತದೇ 47. ಐದು ನಾವು ಕೊಟ್ಟದ್ದು, ನಲವತ್ತೆರಡು ಕಾರು ಕೊಟ್ಟದ್ದು. ಬದಲಾದದ್ದು ಎರಡು. ಶಾಕಿನ ದಂಡ 47ರ ಬದಲು 42 ಮಿಮೀ ಮಾತ್ರ ಒಳಹೋಯಿತು. ಬಾಡಿ ಚಕ್ರದ ಬಳಿ ಸುಮಾರು 7 ಮಿಮೀ ಎತ್ತರ ನಿಂತಿತು. ಹೊಂಡಕ್ಕೆ ಇಳಿಯುವಾಗ ಚಕ್ರ ಕೆಳಚಾಚಲು ಇದ್ದ ಜಾಗ ಅಷ್ಟು ಕಡಿಮೆಯಾಯಿತು, ಉಬ್ಬು ಹತ್ತುವಾಗ ಮೇಲೇರಲು ಇರುವ ಜಾಗ ಅಷ್ಟು ಹೆಚ್ಚಾಯಿತು. ಮೊದಲೊತ್ತು ಮಾಡುವುದು ಈ ಲೇವಾದೇವಿಯನ್ನು, ಇನ್ನೇನನ್ನೂ ಅಲ್ಲ. ಮುಂದಿನ ಮಿಲಿಮೀಟರ್ ಅದುಮಲು ಬೇಕಾದದ್ದು ಆಗಲೂ ಏಳು ಕಿಲೋ, ಈಗಲೂ ಏಳೇ ಕಿಲೋ. ಸುತ್ತುಗಳು ಒತ್ತೊತ್ತಾಗಿಯೂ ವಿರಳವಾಗಿಯೂ ಇರುವ, ಅದುಮಿದಷ್ಟೂ ಬಿರುಸಾಗುವ ಸ್ಪ್ರಿಂಗುಗಳಿಗೆ ಈ ಮಾತು ಪೂರ್ತಿ ಸಲ್ಲದು, ನಮ್ಮದು ಅಂಥದ್ದಲ್ಲ.

ಇಷ್ಟು ಸರಳವಾದ ಲೆಕ್ಕದ ಎದುರೂ ತಪ್ಪು ತಿಳಿವಳಿಕೆ ಏಕೆ ಉಳಿಯುತ್ತದೆ? ನನಗೆ ಕಾಣುವ ಒಂದು ಕಾರಣ ನಮ್ಮ ಬೈಕುಗಳು. ಹಿಂದಿನ ಶಾಕಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಉಂಗುರ ಇರುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೊರಡುವವರು “ಶಾಕ್ ಸ್ವಲ್ಪ ಟೈಟ್ ಮಾಡ್ಕೊಡಪ್ಪ” ಎಂದು ಮೆಕ್ಯಾನಿಕ್ ಮುಂದೆ ನಿಲ್ಲುತ್ತಾರೆ. ಅವನು ಉಂಗುರವನ್ನು ಎರಡು ಮೆಟ್ಟಿಲು ಏರಿಸುತ್ತಾನೆ. ಆ ಮೇಲೆ ಗಾಡಿ ಹಂಪ್ಸ್ ಮೇಲೆ ‘ದಡ್’ ಎನ್ನುವುದು ನಿಲ್ಲುತ್ತದೆ. ಸ್ಪ್ರಿಂಗ್ ಬಿರುಸಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜಕ್ಕೂ ಆದದ್ದು, ಅಷ್ಟು ಜನರ ತೂಕಕ್ಕೆ ಕುಗ್ಗಿದ್ದ ಹಿಂಭಾಗ ಮತ್ತೆ ತನ್ನ ಎತ್ತರಕ್ಕೆ ಬಂದು, ಮೇಲೇರಲು ಜಾಗ ಸಿಕ್ಕಿತು. ಮೆಕ್ಯಾನಿಕ್ ಮಾಡಿದ ಕೆಲಸ ನೂರಕ್ಕೆ ನೂರು ಸರಿ. ಅದಕ್ಕೆ ಇಟ್ಟ ಹೆಸರು ಮಾತ್ರ ಸರಿಯಲ್ಲ.

ಇನ್ನೊಂದು ಕಾರಣ ಇದಕ್ಕೆ ಉಲ್ಟಾ. ಕಾರನ್ನು ಹೆಚ್ಚು ಇಳಿಸಿದವರೂ “ಈಗ ಎಷ್ಟು ಟೈಟಾಗಿದೆ ನೋಡಿ” ಎನ್ನುತ್ತಾರೆ. ಎತ್ತರವನ್ನು ಸ್ಪ್ರಿಂಗಿನ ಕಾಲರಿನಿಂದಲೇ ಹೊಂದಿಸುವ ಅಗ್ಗದ ಬಗೆಯಲ್ಲಿ, ಇಳಿಸಿದ ಪ್ರತಿ ಮಿಲಿಮೀಟರೂ ಶಾಕಿನ ಮೇಲೇರುವ ಜಾಗದಿಂದಲೇ ಕಳೆಯುತ್ತದೆ. ದಂಡದ ಮೇಲಿರುವ ಬಂಪ್ ಸ್ಟಾಪ್ ಎಂಬ ಮೆತ್ತನೆಯ ತುಂಡು ಪ್ರತಿ ಸಣ್ಣ ಉಬ್ಬಿಗೂ ಮುಟ್ಟತೊಡಗುತ್ತದೆ. ಅದೂ ಒಂದು ಸ್ಪ್ರಿಂಗೇ, ಅದುಮಿದಷ್ಟೂ ಕಲ್ಲಾಗುವಂಥದ್ದು. ಅವರು ಅನುಭವಿಸುವ ಬಿಗಿ ಆ ರಬ್ಬರಿನದು. ಹಣ ಕೊಟ್ಟದ್ದು ಮಾತ್ರ ಸ್ಪ್ರಿಂಗಿಗೆ. ನಾವು ಹಾಕಿದ್ದು ಎರಡನೆಯ ಬಗೆ: ಶಾಕಿನ ಕೆಳ ಬ್ರಾಕೆಟ್ ಬೇರೆಯಾಗಿ ಥ್ರೆಡ್ ಮೇಲೆ ಏರಿಳಿಯುತ್ತದೆ. ಮೊದಲೊತ್ತನ್ನು ಕಾಲರಿನಲ್ಲಿ ಒಮ್ಮೆ ಗೊತ್ತುಮಾಡಿ ಬಿಟ್ಟು, ಎತ್ತರವನ್ನು ಬ್ರಾಕೆಟಿನಲ್ಲಿ ಬದಲಿಸಬಹುದು. ಶಾಕಿನ ಜಾಗ ಹಾಗೇ ಉಳಿಯುತ್ತದೆ. ಇದರರ್ಥ ಎಷ್ಟು ಬೇಕಾದರೂ ಇಳಿಸಬಹುದು ಅಂತಲ್ಲ. ಟೈರು ಮಡ್ಗಾರ್ಡಿಗೆ ಹೋಗಿ ತಾಗುತ್ತದೆ. ಆರ್ಮುಗಳು ಹೊರತುದಿ ಮೇಲಾಗಿ ಮಲಗುತ್ತವೆ. ಕಾರು ಯಾವ ಬಿಂದುವಿನ ಸುತ್ತ ಓಲುತ್ತದೋ ಆ ಬಿಂದು ಗುರುತ್ವಕೇಂದ್ರಕ್ಕಿಂತ ವೇಗವಾಗಿ ಕೆಳಗೆ ಜಾರುತ್ತದೆ. ತಿರುವಿನಲ್ಲಿ ಓಲಿಸುವ ಸನ್ನೆ ಉದ್ದವಾಗುತ್ತದೆ. ಇಳಿಸಿದ ಕಾರು ಅದೇ ಸ್ಪ್ರಿಂಗಿನ ಮೇಲೆ ಹೆಚ್ಚು ಓಲಬಹುದು ಎಂದರೆ ಹುಡುಗರು ನಗುತ್ತಾರೆ. ಆರ್ಮುಗಳ ಕೋನ ಬರೆದು ನೋಡಿದರೆ ನಗು ನಿಲ್ಲುತ್ತದೆ.

ಬಿರುಸಿನ ಬಗ್ಗೆ ಹೇಳಬೇಕಾದ ಒಂದು ಲೆಕ್ಕ ಉಳಿದಿದೆ. 68.6ಕ್ಕೆ ಅನುಪಾತದ ವರ್ಗ, ಅಂದರೆ 0.49 ಗುಣಿಸಿದರೆ ಚಕ್ರದ ಬಳಿಯ ಬಿರುಸು ಮಿಲಿಮೀಟರಿಗೆ 33.6 ನ್ಯೂಟನ್. ಇದನ್ನೂ 230 ಕಿಲೋವನ್ನೂ ಕಂಪನಾಂಕದ ಸೂತ್ರಕ್ಕೆ ಕೊಟ್ಟರೆ ಸೆಕೆಂಡಿಗೆ 1.92 ಸಲ. ಆರಾಮದ ಕುಟುಂಬ ಕಾರು ಒಂದರಿಂದ ಒಂದೂವರೆಯ ನಡುವೆ ಇರುತ್ತದೆ. ರೇಸಿಗಷ್ಟೇ ಇಟ್ಟ ಕಾರು ಎರಡನ್ನು ದಾಟುತ್ತದೆ. ಹಿಂದಿನ ಸ್ಪ್ರಿಂಗು 5 ಕಿಲೋದ್ದು, ಲೆಕ್ಕ ಸುಮಾರು 1.8 ಎನ್ನುತ್ತದೆ. ಇಲ್ಲಿ ಒಂದು ಹಳೆಯ ಹೆಸರು ನೆನಪಾಗದೆ ಇರದು. ರೋಲ್ಸ್-ರಾಯ್ಸ್‌ನಿಂದ ಬಂದ ಮಾರಿಸ್ ಓಲಿ 1930ರ ದಶಕದ ಆರಂಭದಲ್ಲಿ, ಇದೇ ಡೆಟ್ರಾಯಿಟಿನ ಕ್ಯಾಡಿಲಾಕ್‌ನಲ್ಲಿ, ಒಂದು ದೊಡ್ಡ ಕಾರಿಗೆ ಹಿಂದೆ ಮುಂದೆ ಸರಿಸಬಹುದಾದ ತೂಕಗಳನ್ನು ಕಟ್ಟಿ, ಸ್ಪ್ರಿಂಗ್ ಬದಲಿಸುತ್ತಾ, ಜನರನ್ನು ಕೂರಿಸಿ ಪ್ರಯೋಗ ಮಾಡಿದ. ಉಬ್ಬು ಮೊದಲು ಸಿಗುವುದು ಮುಂದಿನ ಚಕ್ರಕ್ಕೆ. ತಡವಾಗಿ ಶುರುವಾಗುವ ಹಿಂಭಾಗ ಸ್ವಲ್ಪ ಚುರುಕಾಗಿ ಕುಣಿದರೆ ಮಾತ್ರ ಎರಡೂ ತುದಿ ಜೊತೆಗೂಡಿ, ಕಾರು ತೂಗುಮಂಚದಂತೆ ಹಿಂದುಮುಂದಾಗಿ ತೂಗಾಡದೆ ಸಮನಾಗಿ ಏರಿಳಿಯುತ್ತದೆ ಎಂಬುದು ಅವನು ಕಂಡುಕೊಂಡದ್ದು. ಮಿಯಾಟಾದ ಎರಡು ಆಕ್ಸಲ್ ನಡುವೆ 2265 ಮಿಮೀ. ಗಂಟೆಗೆ 60 ಕಿಮೀ ವೇಗದಲ್ಲಿ ಹಿಂದಿನ ಚಕ್ರ ಅದೇ ಉಬ್ಬಿಗೆ 0.136 ಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟರಲ್ಲಿ ಮುಂಭಾಗ ತನ್ನ ಕುಣಿತದ ಕಾಲುಭಾಗ ಮುಗಿಸಿರುತ್ತದೆ. ನಮ್ಮ ಸೆಟ್‌ನಲ್ಲಿ ಹಿಂಭಾಗವೇ ನಿಧಾನ. ಓಲಿ ಹೇಳಿದ್ದಕ್ಕೆ ಇದು ನೇರ ವಿರುದ್ಧ. ಹಿಂದಿನ ಚಕ್ರ ಎಳೆಯುವ ಹಗುರ ಕಾರಿನಲ್ಲಿ, ತಿರುವಿನಿಂದ ಹೊರಬರುವಾಗ ಹಿಂದಿನ ಹಿಡಿತ ಕೈಬಿಡಬಾರದೆಂದು ತಯಾರಕರು ಹೀಗೆ ಆರಿಸುತ್ತಾರೆ. ಟ್ರ್ಯಾಕಿನಲ್ಲಿ ಅದು ಸಲ್ಲುತ್ತದೆ. ಕಾಂಕ್ರೀಟ್ ಹಾಸುಗಳ ಕೂಡುಗೆರೆಗಳ ಮೇಲೆ ದಿನಾ ಓಡಾಡುವವನಿಗೆ ಸಲ್ಲುತ್ತದೆಯೇ ಎಂಬ ಬಗ್ಗೆ ನನಗೆ ಅನುಮಾನವಿದೆ.

ಬಿಚ್ಚಿ ಹಾಕುವ ಕೆಲಸದ ವಿವರ ಉದ್ದ ಮಾಡುವುದಿಲ್ಲ. ಮೇಲ್ತುದಿಗೆ ಎರಡೆರಡು ನಟ್ಟು. ಮುಂದಿನವು ಬಾನೆಟ್ ಒಳಗೆ, ಹಿಂದಿನವು ಡಿಕ್ಕಿಯ ಒಳಗೆ. ಮುಂದಿನ ಶಾಕ್ ಹೊರಬರಲು ಮೇಲಿನ ಆರ್ಮಿನ ಉದ್ದನೆ ಬೋಲ್ಟ್ ಎಳೆಯುವುದು ಒಂದು ದಾರಿ. ಹಳೆಯ ಜೋಡಣೆಯನ್ನು ಬಿಡಿಸಬೇಕಾದರೆ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ಅದುಮಿದ ಸ್ಪ್ರಿಂಗಿನಲ್ಲಿ ಅಡಗಿರುವ ಶಕ್ತಿ ಕೈಬೆರಳನ್ನಲ್ಲ, ದವಡೆಯನ್ನೇ ಮುರಿಯುವಂಥದ್ದು. ಹೊಸ ಕಾಯಿಲ್‌ಓವರಿನ ಸ್ಪ್ರಿಂಗು ಗಿಡ್ಡ, ಕೈಯಲ್ಲೇ ಕೂರುತ್ತದೆ. ದಂಡದ ತುದಿಯ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಿಡಿದರೆ ದಂಡವೇ ಗಿರಗಿರ ತಿರುಗಿ ಸೀಲು ಹಾಳಾಗುತ್ತದೆ, ಅಲ್ಲಿ ಸ್ಪ್ಯಾನರೇ ಸರಿ. ಮಿಷಿಗನ್ನಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಸುರಿಯುವ ಉಪ್ಪು ಮೂವತ್ತು ವರ್ಷದಲ್ಲಿ ಏನು ಮಾಡುತ್ತದೆ ಎಂಬುದನ್ನು ನೋಡಬೇಕಾದರೆ ಕೆಳ ಆರ್ಮಿನ ಬೋಲ್ಟುಗಳನ್ನು ನೋಡಬೇಕು. ಅಲೈನ್‌ಮೆಂಟ್ ಹೊಂದಿಸುವ ಗಾಲಿ ಇರುವ ಬೋಲ್ಟುಗಳಲ್ಲಿ ಒಂದು ಬುಶ್ಶಿನ ಕೊಳವೆಯೊಳಗೇ ತುಕ್ಕಿನಿಂದ ಬೆಸೆದುಕೊಂಡಿತ್ತು. ಎರಡು ಸಂಜೆ ಎಣ್ಣೆ ನೆನೆಸಿ, ಗ್ಯಾಸ್ ಬಿಸಿ ಕೊಟ್ಟು, ಕೊನೆಗೆ ಗರಗಸ.

ನನ್ನದೇ ಒಂದು ತಪ್ಪನ್ನು ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ಅದು ಅಳತೆಯೊಳಗೇ ನುಸುಳಿ ಕೂತಿತ್ತು. ಕಾರು ಸ್ಟ್ಯಾಂಡಿನ ಮೇಲಿದ್ದಾಗಲೇ, ಚಕ್ರಗಳು ಕೆಳಗೆ ಜೋತುಬಿದ್ದಿದ್ದಾಗಲೇ, ಆರ್ಮಿನ ಬೋಲ್ಟುಗಳನ್ನೆಲ್ಲ ಟಾರ್ಕ್ ವ್ರೆಂಚಿನಲ್ಲಿ ಪೂರ್ತಿ ಬಿಗಿದೆ. ಈ ಕಾರಿನ ಬುಶ್ಶುಗಳಲ್ಲಿ ರಬ್ಬರು ಒಳಕೊಳವೆಗೂ ಹೊರಕೊಳವೆಗೂ ಅಂಟಿಕೊಂಡಿರುತ್ತದೆ. ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ ರಬ್ಬರಿಗೆ ಅದೇ ವಿಶ್ರಾಂತಿಯ ಸ್ಥಾನ. ಕಾರನ್ನು ಇಳಿಸಿದೊಡನೆ ಬುಶ್ಶುಗಳೆಲ್ಲ ತಿರುಚಿದ ಸ್ಪ್ರಿಂಗುಗಳಾಗಿ ಕಾರನ್ನು ಮೇಲೆತ್ತಿ ಹಿಡಿಯುತ್ತವೆ. ಆ ದಿನ ಮುಂದೆ ಹಬ್ಬಿನ ನಡುವಿನಿಂದ ಮಡ್ಗಾರ್ಡಿನ ಅಂಚಿಗೆ 325 ಮಿಮೀ ಬರೆದುಕೊಂಡೆ. (ನೆಲದಿಂದ ಅಳೆಯಬಾರದು, ಟೈರಿನ ಗಾಳಿ, ಸವೆತ ಎರಡೂ ಲೆಕ್ಕದೊಳಗೆ ಬಂದುಬಿಡುತ್ತವೆ.) ವಾರ ಕಳೆದು ನೋಡಿದರೆ 319. ಹುಡುಗ ಸ್ಪ್ರಿಂಗ್ ಕುಸಿಯಿತೆಂದು ತಯಾರಕರಿಗೆ ದೂರು ಬರೆಯಲು ಕೂತಿದ್ದ. ತಡೆದೆ. ನಾಲ್ಕೂ ಚಕ್ರಗಳನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಕಾರಿನ ಪೂರ್ತಿ ತೂಕ ಚಕ್ರದ ಮೇಲಿರುವಾಗ, ಅಡಿಗೆ ತೂರಿಕೊಂಡು ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದೆ. ಮೂರನೆಯದು ಬಿಟ್ಟಾಗ ‘ಟಕ್’ ಎಂದು ಸದ್ದು ಬಂತು, ಮೂಲೆ ಇಳಿಯಿತು. ಕಾರನ್ನು ನಾಲ್ಕು ಸಲ ಅದುಮಿ ಬಿಟ್ಟು, ಮತ್ತೆ ಬಿಗಿದು ಅಳೆದರೆ 313. ಅಂದರೆ ಮೊದಲ ದಿನ ನಾನು ಎತ್ತರ ಎಂದು ಬರೆದುಕೊಂಡಿದ್ದರಲ್ಲಿ ಹನ್ನೆರಡು ಮಿಲಿಮೀಟರ್ ಬುಶ್ಶಿನ ಹಟ. ಅದರ ಮೇಲೆ ಅಲೈನ್‌ಮೆಂಟ್ ಮಾಡಿಸಿದ್ದರೆ ಕ್ಯಾಂಬರ್ (ಚಕ್ರದ ಒಳಹೊರ ವಾಲು), ಟೋ (ಚಕ್ರದ ಮೂತಿಯ ದಿಕ್ಕು) ಎಲ್ಲವೂ ತಿಂಗಳೊಳಗೆ ಸುಳ್ಳಾಗುತ್ತಿದ್ದವು, ರಬ್ಬರೂ ಹರಿಯುತ್ತಿತ್ತು. ‘ಬಿಗಿ’ ಎಂಬ ಮಾತು ಅಕ್ಷರಶಃ ಸಲ್ಲುವ ಜಾಗ ಇದೊಂದೇ, ಅಲ್ಲಿಯೇ ನಾನು ಎಡವಿದೆ.

ಎತ್ತರ ನಿಂತ ಮೇಲೆ ತೂಕ. ಪಕ್ಕದ ಊರಿನ ರೇಸ್ ಅಂಗಡಿಯವರ ನಾಲ್ಕು ತಕ್ಕಡಿಗಳನ್ನು ಒಂದು ದಿನದ ಬಾಡಿಗೆಗೆ ತಂದೆವು. ಗ್ಯಾರೇಜಿನ ನೆಲ ಮಟ್ಟವಿಲ್ಲ. ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಮಟ್ಟ ನೋಡಿ, ತಕ್ಕಡಿಗಳ ಕೆಳಗೆ ಹಳೆಯ ಟೈಲ್ಸ್ ಕೊಟ್ಟೆವು. ಮನೆ ಕಟ್ಟುವ ಗಾರೆಯವರಿಂದ ಕಲಿತ ವಿದ್ಯೆ ಅದು, ಡೆಟ್ರಾಯಿಟಿನಲ್ಲೂ ಸರಿಯಾಗಿ ಕೆಲಸ ಮಾಡುತ್ತದೆ. ಎಡಬಲ ಚಕ್ರಗಳನ್ನು ಜೋಡಿಸುವ ಸ್ವೇ ಬಾರಿನ ಲಿಂಕುಗಳನ್ನು ಒಂದೊಂದು ಬದಿ ಬಿಚ್ಚಿ, ಚಾಲಕನ ಸೀಟಿನಲ್ಲಿ ಹುಡುಗನನ್ನೇ ಕೂರಿಸಿ, ಟ್ಯಾಂಕು ಅರ್ಧ ಇಟ್ಟು ನೋಡಿದರೆ: ಮುಂದಿನ ಎಡ 272, ಬಲ 251, ಹಿಂದಿನ ಎಡ 249, ಬಲ 268. ಎಡಬದಿ ಒಟ್ಟು 521, ಬಲಬದಿ 519, ಇದಕ್ಕಿಂತ ಸಮ ಬೇಡ. ಆದರೆ ಕರ್ಣ ನೋಡಿ. ಮುಂದಿನ ಬಲ, ಹಿಂದಿನ ಎಡ ಕೂಡಿದರೆ 500. ಇನ್ನೊಂದು ಕರ್ಣ 540. ಕುಂಟುವ ಕುರ್ಚಿಯಂತೆ ಕಾರು ಎರಡು ಕಾಲಿನ ಮೇಲೆ ಹೆಚ್ಚು ಊರಿ ನಿಂತಿದೆ. ಇಂಥ ಕಾರು ಎಡಕ್ಕೆ ತಿರುಗುವುದೇ ಒಂದು ತರಹ, ಬಲಕ್ಕೆ ತಿರುಗುವುದೇ ಒಂದು ತರಹ. ಬ್ರೇಕ್ ಒತ್ತಿದಾಗ ಹಗುರ ಮೂಲೆಯ ಚಕ್ರ ಮೊದಲು ಲಾಕ್ ಆಗುತ್ತದೆ.

ಹುಡುಗ ಇನ್ನೊಂದು ಒಳ್ಳೆಯ ಪ್ರಶ್ನೆ ಕೇಳಿದ: “ಹಿಂದಿನ ಎರಡೂ ಎತ್ತಿಬಿಟ್ರೆ ಮುಂದೆ ಭಾರ ಜಾಸ್ತಿ ಆಗಲ್ವಾ ಮಾವ?” ಗಮನಿಸುವಷ್ಟು ಆಗದು. ಮುಂದಿನ ಒಟ್ಟು, ಹಿಂದಿನ ಒಟ್ಟು, ಎಡ, ಬಲ, ಇವೆಲ್ಲ ಗುರುತ್ವಕೇಂದ್ರ ಎಲ್ಲಿದೆ ಎಂಬುದರ ಮೇಲೆ ನಿಂತಿವೆ. ಬ್ಯಾಟರಿ ಸರಿಸಿದರೆ ಬದಲಾದೀತು. ಥ್ರೆಡ್ ತಿರುಗಿಸಿದರೆ ಬದಲಾಗುವುದು ಕರ್ಣವೊಂದೇ. ಹತ್ತು ಕಿಲೋ ಸರಿಸಲು 98 ನ್ಯೂಟನ್ ಬೇಕು. ಥ್ರೆಡ್ಡಿನ ಒಂದು ಸುತ್ತಿಗೆ 2 ಮಿಮೀ, ಅದು ಮುಂದಿನ ಚಕ್ರದ ಬಳಿ 2.9 ಮಿಮೀ, ಅದಕ್ಕೆ 33.6 ಗುಣಿಸಿದರೆ 96. ಆದ್ದರಿಂದ ಬಲ ಮುಂದೆ, ಎಡ ಹಿಂದೆ ಬ್ರಾಕೆಟಿನಲ್ಲಿ ಒಂದೊಂದು ಸುತ್ತು ಉದ್ದ, ಇನ್ನೆರಡು ಒಂದೊಂದು ಸುತ್ತು ಗಿಡ್ಡ ಎಂದು ಕಾಗದದ ಮೇಲೆ ಬರೆದುಕೊಟ್ಟೆ. ಕಾಗದ ಒಂದು ಸುತ್ತು ಅಂದಿತ್ತು, ಕಾರು ಒಂದೂಕಾಲು ಕೇಳಿತು. ಹಿಂದಿನ ಸ್ಪ್ರಿಂಗು ಮೆತ್ತಗಿರುವುದನ್ನೂ ಟೈರುಗಳೂ ಸ್ಪ್ರಿಂಗುಗಳೇ ಎಂಬುದನ್ನೂ ನನ್ನ ಲೆಕ್ಕ ಬಿಟ್ಟಿತ್ತು. ಕೊನೆಗೆ ಬಂದದ್ದು: 262, 261, 259, 258. ಎಡಬಲದ ಒಟ್ಟು ಒಂದು ಕಿಲೋ ಕದಲಲಿಲ್ಲ, ಕರ್ಣ ಎರಡೂ 520. ಸ್ವೇ ಬಾರಿನ ಲಿಂಕುಗಳನ್ನು ಆ ಮೇಲೆ, ತಿರುಚಿಲ್ಲದಂತೆ ಉದ್ದ ಹೊಂದಿಸಿ ಸೇರಿಸಿದೆವು. ಇಲ್ಲವಾದರೆ ಬಾರೇ ಹೊಸ ಕುಂಟನ್ನು ತಂದಿಡುತ್ತದೆ.

ಅಲೈನ್‌ಮೆಂಟ್ ಇದಾದ ಮೇಲೆಯೇ. ಎತ್ತರ ಬದಲಾದರೆ ಕ್ಯಾಂಬರ್ ಬದಲಾಗುತ್ತದೆ, ಟೋ ಬದಲಾಗುತ್ತದೆ, ಆದ್ದರಿಂದ ಮೊದಲು ಅಲೈನ್‌ಮೆಂಟ್ ಮಾಡಿಸಿ ಆಮೇಲೆ ಎತ್ತರ ಹೊಂದಿಸುವವರು ಅಂಗಡಿಗೆ ಎರಡು ಸಲ ದುಡ್ಡು ಕೊಡುತ್ತಾರೆ. ಮಿಯಾಟಾದ ಮುಂದಿನ ಕೆಳ ಆರ್ಮಿನ ಗಾಲಿಬೋಲ್ಟುಗಳಿಂದ ಕ್ಯಾಂಬರೂ ಕ್ಯಾಸ್ಟರೂ, ಹಿಂದಿನವುಗಳಿಂದ ಕ್ಯಾಂಬರೂ ಟೋ ಕೂಡ ಹೊಂದುತ್ತವೆ. ರಸ್ತೆಗೆಂದು ನಾಲ್ಕೂ ಕಡೆ ಒಂದೂಕಾಲು ಡಿಗ್ರಿ ಒಳವಾಲು, ಮುಂದೆ ಟೋ ಸೊನ್ನೆ, ಹಿಂದೆ ತುಸು ಒಳಕ್ಕೆ. ಇಲ್ಲಿ ಹೇಳುವಂಥ ವಿಶೇಷ ಏನೂ ನಡೆಯಲಿಲ್ಲ.

ಉಳಿದದ್ದು ತಡೆ, ಶಾಕಿನ ತಲೆಯ ಮೇಲಿನ ಗುಂಡಿ. ಎಲ್ಲರ ಕೈ ಮೊದಲು ಹೋಗುವುದು ಅದಕ್ಕೇ. ಗುಂಡಿ ತಿರುಗಿಸಿದರೆ ಒಳಗೆ ಒಂದು ಸೂಜಿ ಏರಿಳಿದು, ಎಣ್ಣೆ ಹರಿಯುವ ಕಿರುದಾರಿಯನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಒಂದೇ ಗುಂಡಿ ಇರುವ ಬಗೆಯಲ್ಲಿ ಅದರ ಪ್ರಭಾವ ಹೆಚ್ಚು ಬೀಳುವುದು ಶಾಕ್ ಚಾಚುವಾಗ, ಅದೂ ದಂಡ ನಿಧಾನ ಚಲಿಸುವಾಗ. ಇಲ್ಲಿ ನಿಧಾನ, ವೇಗ ಎನ್ನುವುದು ದಂಡದ ವೇಗ, ಕಾರಿನದಲ್ಲ. ಹೆದ್ದಾರಿಯಲ್ಲಿ ನೂರು ಕಿಮೀ ವೇಗದಲ್ಲಿ ಮೆಲ್ಲನೆ ಲೇನ್ ಬದಲಿಸುವಾಗ ದಂಡದ ಚಲನೆ ನಿಧಾನ. ಹತ್ತು ಕಿಮೀ ವೇಗದಲ್ಲಿ ಹೊಂಡಕ್ಕೆ ಬಿದ್ದರೆ ಅದೇ ದಂಡಕ್ಕೆ ಮಿಂಚಿನ ವೇಗ. ಸ್ಪ್ರಿಂಗಿನ ಬಿರುಸಿಗೂ ತಡೆಗೂ ಇರುವ ನಂಟು ವರ್ಗಮೂಲದ್ದು: ಬಿರುಸು ನಾಲ್ಕು ಪಟ್ಟಾದರೆ ಅದೇ ನಡತೆಗೆ ತಡೆ ಎರಡು ಪಟ್ಟು ಸಾಕು. ನಮ್ಮ ಮುಂದಿನ ಮೂಲೆಗೆ, ಒಂದೂ ಹೆಚ್ಚುವರಿ ಕುಣಿತವಿಲ್ಲದೆ ಮರಳಿ ನಿಲ್ಲಲು ಬೇಕಾದ ಗಡಿತಡೆ ಚಕ್ರದ ಬಳಿ ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ ಸುಮಾರು 5560 ನ್ಯೂಟನ್. ಸಾಮಾನ್ಯ ಕಾರುಗಳು ಇದರ ಕಾಲುಭಾಗ, ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿ ಓಡುತ್ತವೆ. ಸ್ಪೋರ್ಟ್ಸ್ ಕಾರಿನವರು ನಿಧಾನ ಚಲನೆಗೆ ಮೂರನೆಯ ಎರಡು ಭಾಗದವರೆಗೂ ಹೋಗುತ್ತಾರೆ.

ಗುಂಡಿಯಲ್ಲಿ 30 ಕ್ಲಿಕ್. ಪೂರ್ತಿ ಮುಚ್ಚಿದ ತುದಿಯಿಂದ ಎಣಿಸಬೇಕು, ಏಕೆಂದರೆ ಸೂಜಿ ತಳ ಮುಟ್ಟಿ ನಿಲ್ಲುವುದು ಅಲ್ಲೇ. ತೆರೆದ ತುದಿಗೆ ಅಂಥ ಖಚಿತ ನೆಲೆ ಇಲ್ಲ. ಹುಡುಗ ಮೊದಲ ದಿನವೇ 6ಕ್ಕೆ ಇಟ್ಟ. ಅಕ್ಕ ಪಕ್ಕದಲ್ಲಿ ಕೂತು ಎರಡು ಮೈಲಿ ಹೋಗಿ ಬಂದು, “ನಮ್ಮಪ್ಪನ ಎತ್ತಿನಗಾಡೀನೇ ವಾಸಿ ಕಣೋ” ಎಂದು ಇಳಿದುಹೋದಳು. ಅವಳ ಮಾತನ್ನು ದಾಖಲೆಯಾಗಿ ಸ್ವೀಕರಿಸಿ ಪರೀಕ್ಷೆಗೆ ಇಳಿದೆ. ನಾಲ್ಕೂ ದಂಡಗಳಿಗೆ ತೆಳು ಕೇಬಲ್ ಟೈ ಕಟ್ಟಿ ಕೆಳಗೆ ಸರಿಸಿಟ್ಟೆ. ದಂಡ ಎಷ್ಟು ಒಳಹೋಯಿತೋ ಅಲ್ಲಿಗೆ ಟೈ ಬಂದು ನಿಲ್ಲುತ್ತದೆ. ಅದೇ ರಸ್ತೆ, ಅದೇ ಗಂಟೆಗೆ 70 ಕಿಮೀ, ಅದೇ ಇಬ್ಬರು. ಆರು ಕ್ಲಿಕ್ಕಿನಲ್ಲಿ ಮುಂದಿನ ಟೈ ಬಂಪ್ ಸ್ಟಾಪಿಗೆ ಒತ್ತಿಕೊಂಡಿತ್ತು. ಹದಿನಾಲ್ಕಕ್ಕೆ ಸಡಿಲಿಸಿದ ಮೇಲೆ ಅದೇ ಟೈ ಬಂಪ್ ಸ್ಟಾಪಿನಿಂದ 11 ಮಿಮೀ ಈಚೆಗೆ ನಿಂತಿತು. ಸ್ಪ್ರಿಂಗ್ ಬದಲಿಸಿಲ್ಲ, ಎತ್ತರ ಬದಲಿಸಿಲ್ಲ. ತಡೆ ಹೆಚ್ಚಿದ್ದಾಗ, ಒಂದು ಕೂಡುಗೆರೆ ದಾಟಿ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನ ಗೆರೆ ಬಂದುಬಿಡುತ್ತಿತ್ತು. ಕಾರು ಗೆರೆಯಿಂದ ಗೆರೆಗೆ ತನ್ನನ್ನು ತಾನೇ ಕೆಳಕ್ಕೆ ಎಳೆದುಕೊಂಡು ಕೊನೆಗೆ ರಬ್ಬರಿನ ಮೇಲೆ ಓಡುತ್ತಿತ್ತು. ಬಿಗಿ ಮಾಡಿದಷ್ಟೂ ಕಾರು ಕುಳ್ಳಗಾಯಿತು ಎಂಬುದಕ್ಕೆ ನನ್ನ ಬಳಿ ಇರುವ ಒಳ್ಳೆಯ ಪುರಾವೆ ಈ ಹನ್ನೊಂದು ಮಿಲಿಮೀಟರು. ಹಿಂದೆ ಹದಿನೆಂಟಕ್ಕೆ ನಿಲ್ಲಿಸಿದೆವು. ಅಲ್ಲಿ ಓಲಿಯ ಲೆಕ್ಕದ ತೂಗಾಟ ಪೂರ್ತಿ ಹೋಗಲಿಲ್ಲ. ಹಿಂದಕ್ಕೆ 6 ಕಿಲೋದ ಸ್ಪ್ರಿಂಗ್ ಹಾಕಿದರೆ ಕಂಪನಾಂಕ ಎರಡರ ಹತ್ತಿರ ಬರುತ್ತದೆ, ಆಗ ತೂಗಾಟ ತಗ್ಗಬೇಕು ಎಂಬುದು ನನ್ನ ಎಣಿಕೆ. ಹುಡುಗ ಒಪ್ಪಿಲ್ಲ, ಸ್ಪ್ರಿಂಗು ತರಿಸಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಿಂತು ಇದನ್ನೇ ತಮ್ಮ ಕಾರಿಗೆ ಹಾಕಿಸಲು ಹೊರಟವರಿಗೆ ಒಂದು ಮಾತು. ಕಂಪನಿ ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅಡ್ಡ ಬರುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಆ ಕಲಮನ್ನು ಕಟ್ಟುನಿಟ್ಟಾಗಿಯೇ ಓದಿದೆ. ಕಾನೂನು ಆಚೆಗಿಟ್ಟರೂ ನಮ್ಮ ಹಂಪ್ಸ್‌ಗಳಿವೆ. ಇಳಿಸಿದ ಕಾರಿನ ಹೊಟ್ಟೆ ಅವಕ್ಕೆ ತಾಗುವುದು ತಪ್ಪದು.

ನವೆಂಬರ್ ಎರಡನೆಯ ವಾರ ಮೊದಲ ಉಪ್ಪಿನ ಲಾರಿ ಬೀದಿಯಲ್ಲಿ ಕಾಣಿಸಿತು. ಅಂದೇ ಸಂಜೆ ಹುಡುಗ ಚಕ್ರ ತೆಗೆದು, ಕಾಲರು, ಬ್ರಾಕೆಟಿನ ಥ್ರೆಡ್ಡುಗಳನ್ನು ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ, ಒರೆಸಿ, ಮೇಣದಂಥ ತುಕ್ಕುನಿವಾರಕ ಹಚ್ಚಿದ. ಒಂದು ಚಳಿಗಾಲ ಹಾಗೇ ಬಿಟ್ಟರೆ ಅಲ್ಯೂಮಿನಿಯಂ ಕಾಲರ್ ಉಕ್ಕಿನ ಥ್ರೆಡ್ಡಿಗೆ ಕಚ್ಚಿಕೊಂಡು, ಹೊಂದಿಸಬಹುದಾದ ಕಾಯಿಲ್‌ಓವರು ಹೊಂದಿಸಲಾರದ್ದಾಗುತ್ತದೆ. ಎಡ ಮುಂದಿನ ಟೈಯನ್ನು ಕತ್ತರಿಸಲು ಹೋದವನನ್ನು ತಡೆದು, ಅದು ನಿಂತ ಜಾಗವನ್ನು ಇನ್ನೊಮ್ಮೆ ಅಳೆಸಿದೆ. ಹತ್ತೂವರೆ. ಪುಸ್ತಕದಲ್ಲಿ ಹನ್ನೊಂದರ ಪಕ್ಕ ಬರೆದಿಟ್ಟೆ.